ಗುಂಟೆಯೋ ಗಂಟೆಯೋ: ಕಂಪ್ಯೂಟರ್‌ಗೆ ಕನ್ನಡ ಹೇಳಿ ಬರೆಸೋ ಕಥೆ

ಹಿಂದೆ ಕೇಳ್ತಿರೋ ಟಕಟಕ ಸದ್ದಿಗೆ ಕ್ಷಮೆ ಇರಲಿ, ಅದು ಪಕ್ಕದ ಮನೆಯ ಪವರ್‌ಲೂಮ್. ದೊಡ್ಡಬಳ್ಳಾಪುರದಲ್ಲಿ ಕೂತು ಪಾಡ್‌ಕಾಸ್ಟ್ ಮಾಡೋದಂದ್ರೆ ಮಗ್ಗದ ಜೊತೆ ರಾಜಿ ಮಾಡ್ಕೊಳ್ಳೋದು. ಕರೆಂಟ್ ಹೋದಾಗ ಮಾತ್ರ ನಮ್ಮ ಬೀದಿ ನಿಶ್ಶಬ್ದ ಆಗುತ್ತೆ, ಆದರೆ ಆಗ ನನ್ನ ಕಂಪ್ಯೂಟರೂ ನಿಂತಿರುತ್ತೆ.

ಇವತ್ತಿನ ಸಂಚಿಕೆ ಹುಟ್ಟಿದ್ದು ನಮ್ಮ ಸೋದರಮಾವ ಕೇಳಿದ ಒಂದು ಪ್ರಶ್ನೆಯಿಂದ. ಮಾವ ಮೂವತ್ತನಾಲ್ಕು ವರ್ಷದಿಂದ ತಾಲ್ಲೂಕು ಕಚೇರಿ ಹತ್ತಿರ ಒಂದು ಟೇಬಲ್ ಹಾಕ್ಕೊಂಡು ಪತ್ರ ಬರೀತಾರೆ. ಕ್ರಯಪತ್ರ, ವಿಭಾಗ ಪತ್ರ, ಅಫಿಡವಿಟ್, ಅರ್ಜಿ, ಅಪರೂಪಕ್ಕೊಂದು ವಿಲ್. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಹೋದ ವರ್ಷ ದೀಪಾವಳಿ ಆದ ವಾರಕ್ಕೆ ಅವರಿಗೆ ಸಣ್ಣದಾಗಿ ಸ್ಟ್ರೋಕ್ ಆಯ್ತು. ಮಾತು ಚೆನ್ನಾಗಿದೆ, ನಡೀತಾರೆ, ಲೆಕ್ಕ ಹಾಕ್ತಾರೆ. ಬಲಗೈ ಬೆರಳು ಮಾತ್ರ ಹೇಳಿದ ಮಾತು ಕೇಳ್ತಿಲ್ಲ. ನಿಮಿಷಕ್ಕೆ ನಲವತ್ತು ಪದ ಹೊಡೀತಿದ್ದ ಕೈ ಈಗ ಒಂದು ಕೀ ಹುಡುಕೋಕೆ ಒದ್ದಾಡುತ್ತೆ.

ಒಂದು ಭಾನುವಾರ ನನ್ನ ಕರೆದು ಕೂರಿಸ್ಕೊಂಡು ಕೇಳಿದ್ರು: "ಅಳಿಯಾ, ನಮ್ ಮೊಮ್ಮಗ ಫೋನಲ್ಲಿ ಮಾತಾಡಿದ್ರೆ ಅದೇ ಬರ್ಕೊಳ್ಳುತ್ತಲ್ಲ, ಅಂಥದ್ದು ನನ್ ಕಂಪ್ಯೂಟರ್‌ಗೆ ಯಾವ್ದು ಹಾಕ್ಬೇಕು? ನೋಡಿ ಹೇಳಪ್ಪ."

"ಹತ್ತು ನಿಮಿಷದ ಕೆಲ್ಸ ಮಾವ, ಈಗ್ಲೇ ಹಾಕ್ಕೊಡ್ತೀನಿ" ಅಂದೆ. ಎರಡು ತಿಂಗಳು ಹಿಡೀತು. ಯಾಕೆ ಹಿಡೀತು ಅಂತ ಹುಡುಕ್ತಾ ಹೋದಾಗ ಸಿಕ್ಕಿದ ಚರಿತ್ರೆಯೇ ಈ ಸಂಚಿಕೆ.

ಮೊದಲನೇ ವಿಷಯ, ಒಬ್ಬರು ಹೇಳೋದು ಇನ್ನೊಬ್ಬರು ಬರೆಯೋದು ನಮಗೆ ಹೊಸದೇನಲ್ಲ. ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರು ಹೇಳಿದ್ದನ್ನ ಬರೆದು ತಪ್ಪಿಗೊಂದರಂತೆ ಏಟು ತಿಂದವರಿಗೆ 'ಉಕ್ತಲೇಖನ' ಅನ್ನೋ ಪದ ನೆನಪಿರುತ್ತೆ. ಡಿಕ್ಟೇಶನ್‌ಗೆ ಕನ್ನಡದಲ್ಲಿ ಅಷ್ಟು ಚೊಕ್ಕವಾದ ಪದ ಇದೆ. ಇನ್ನೂ ಹಿಂದಕ್ಕೆ ಹೋದ್ರೆ ಗದುಗಿನ ಕುಮಾರವ್ಯಾಸ ತನ್ನ ಭಾರತದ ಆರಂಭದಲ್ಲಿ ಕವಿ ತಾನಲ್ಲ, ವೀರನಾರಾಯಣ, ತಾನು ಬರೀ ಲಿಪಿಕಾರ ಅಂತಾನೆ. ಕೂಡಲೇ, ಬರೆದ ಪದವನ್ನ ಅಳಿಸದೇ ಬರೆಯೋದು ತನ್ನ ಹೆಚ್ಚುಗಾರಿಕೆ ಅಂತಲೂ ಹೇಳ್ಕೊಳ್ತಾನೆ. ಅಂದ್ರೆ ಬ್ಯಾಕ್‌ಸ್ಪೇಸ್ ಮುಟ್ಟದ ಟೈಪಿಸ್ಟ್. ಈ ಮಾತು ಹೇಳಿದಾಗ ಮಾವ ತುಂಬಾ ಹೊತ್ತು ನಕ್ಕರು.

ಶಾಸನಗಳ ಕಥೆಯೂ ಹೀಗೇ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ಬಂದಿದ್ದು 1905ರಲ್ಲಿ. ಅದು ಆಗಿನ ಬೆಂಗಳೂರು ಜಿಲ್ಲೆಯದ್ದು, ಅಂದ್ರೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಲ್ಲುಗಳೂ ಅದರಲ್ಲಿವೆ. ಹಳೇ ಶಾಸನಗಳಲ್ಲಿ ದಾನ ಕೊಟ್ಟವರೊಬ್ಬರು, ಪಾಠ ಬರೆದವರೊಬ್ಬರು, ಕಲ್ಲಿನ ಮೇಲೆ ಕೊರೆದವರು ಇನ್ನೊಬ್ಬರು. ಎಷ್ಟೋ ಕಡೆ ಕೊನೇಲಿ ಬರೆದವನ ಹೆಸರೂ ಇರುತ್ತೆ.

ಆಮೇಲೆ ಬಂದ್ರು ಶಾನುಭೋಗರು. ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿದ ಬಟ್ಟೆಯನ್ನ ಮಡಿಚಿ, ಅದರ ಮೇಲೆ ಬಳಪದಲ್ಲಿ ಊರಿನ ಲೆಕ್ಕ ಬರೀತಿದ್ರಲ್ಲ, ಅದರ ಹೆಸರು ಕಡತ. ಈಗ ಆಫೀಸಲ್ಲಿ ಫೈಲಿಗೆ ಕಡತ ಅಂತೀವಿ, ಆ ಪದ ಬಂದಿದ್ದು ಆ ಬಟ್ಟೆಯಿಂದ. ಊರಿನವರು ಹೇಳ್ತಿದ್ರು, ಶಾನುಭೋಗರು ಬರೀತಿದ್ರು, ಏನು ಬರೆದ್ರು ಅಂತ ಹೇಳಿದವರಿಗೆ ಗೊತ್ತಾಗ್ತಿರಲಿಲ್ಲ. ಬರಹ ಗೊತ್ತಿಲ್ಲದವರ ಜಮೀನು ಒಂದು ಗೆರೆಯಲ್ಲಿ ಅತ್ತಿತ್ತ ಆದ ಕಥೆ ನಮ್ಮ ಯಾವ ಊರಲ್ಲಿ ಇಲ್ಲ ಹೇಳಿ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದ ಮೇಲೆ ವಂಶಪಾರಂಪರ್ಯದ ಶಾನುಭೋಗಿಕೆ ಹೋಯ್ತು. ಆದರೆ ಪತ್ರ ಬರೆಯೋನ ಮೇಲೆ ನಂಬಿಕೆ ಇಡಲೇಬೇಕಾದ ಪರಿಸ್ಥಿತಿ ಹೋಗಲಿಲ್ಲ. ಆ ನಂಬಿಕೆ ಮಾವನ ಟೇಬಲ್ಲಿಗೆ ಬಂತು.

1963ರ ರಾಜ್ಯಭಾಷಾ ಕಾಯ್ದೆಯಲ್ಲಿ ಕನ್ನಡ ಆಡಳಿತ ಭಾಷೆ ಆಯ್ತು. ಆಡಳಿತ ಕನ್ನಡದಲ್ಲಿ ಅಂದ್ರೆ ಕನ್ನಡ ಹೊಡೆಯೋ ಬೆರಳು ಬೇಕಲ್ಲ. ಕನ್ನಡ ಟೈಪ್‌ರೈಟರಿನ ಕೀಲಿಮಣೆ ರೂಪಿಸಿದ ಕೀರ್ತಿ ಅನಂತ ಸುಬ್ಬರಾಯರದ್ದು. ಸ್ವಲ್ಪ ಯೋಚನೆ ಮಾಡಿ: ಕಾಗುಣಿತ, ಒತ್ತಕ್ಷರ, ದೀರ್ಘ, ಅರ್ಕಾವತ್ತು ಎಲ್ಲಾ ಸೇರಿದ್ರೆ ನೂರಾರು ಆಕಾರ, ಅದನ್ನ ಇಂಗ್ಲಿಷಿಗೆ ಮಾಡಿದ ನಲವತ್ತು ಚಿಲ್ಲರೆ ಕೀಗಳಲ್ಲಿ ಕೂರಿಸಬೇಕು. ಅಕ್ಷರವನ್ನ ಚೂರುಚೂರು ಮಾಡಿ, ತಲೆ ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ ಇಟ್ಟು, ಹೊಡೆಯುವಾಗ ಜೋಡಿಸ್ತಾ ಹೋಗಬೇಕು. ಮಾವ ಕಲಿತಿದ್ದು ಅದನ್ನೇ, ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಲ್ಲಿ, ಬೆಳಗ್ಗೆ ಆರರ ಬ್ಯಾಚು.

ಕಂಪ್ಯೂಟರ್ ಬಂದಾಗ ಅವರು ಎರಡನೇ ಸಲ ವಿದ್ಯಾರ್ಥಿ ಆದ್ರು. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ನುಡಿಯಲ್ಲಿರೋದು ಕಿನ್ನಿಕಂಬಳದ ಕೆ.ಪಿ. ರಾಯರ ಧ್ವನಿ ಆಧಾರಿತ ಕೀಲಿಮಣೆ. ಇದರ ಜಾಣತನ ಏನಂದ್ರೆ, ಅಕ್ಷರದ ಆಕಾರ ನೋಡೋದು ಬಿಟ್ಟು ಅದರ ಉಚ್ಚಾರಣೆ ಹಿಡಿದ್ರು. ಕ ಹೊಡೆದು, ಎಫ್ ಕೀ ಒತ್ತಿ, ಮತ್ತೆ ಷ ಹೊಡೆದ್ರೆ ಕ್ಷ. ನನಗನ್ಸೋದು, ಕನ್ನಡ ಹೇಳಿ ಬರೆಸೋದರ ಮೊದಲ ಹೆಜ್ಜೆ ಇದೇ. ಬಾಯಿಂದ ಬರೋ ಕ್ರಮದಲ್ಲೇ ಬೆರಳು ಓಡ್ತು. ಬಾಯಿ ಇನ್ನೂ ನೇರವಾಗಿ ಕಂಪ್ಯೂಟರ್ ಜೊತೆ ಮಾತಾಡ್ತಿರಲಿಲ್ಲ ಅಷ್ಟೇ.

ಅತ್ತ ಅಮೆರಿಕದಲ್ಲಿ ಬಾಯಿಯ ಕಡೆಯಿಂದಲೇ ಕೆಲಸ ಶುರುವಾಗಿತ್ತು. 1952ರಲ್ಲಿ ಬೆಲ್ ಲ್ಯಾಬ್ಸ್ 'ಆಡ್ರಿ' ಅನ್ನೋ ಯಂತ್ರ ಮಾಡ್ತು. ಸೊನ್ನೆಯಿಂದ ಒಂಬತ್ತು, ಅಷ್ಟೇ ಅದಕ್ಕೆ ಅರ್ಥ ಆಗ್ತಿದ್ದಿದ್ದು. 1962ರಲ್ಲಿ ಐಬಿಎಂ 'ಶೂಬಾಕ್ಸ್' ತೋರಿಸ್ತು, ಅದಕ್ಕೆ 16 ಪದ. ಇದರ ಮಧ್ಯೆ ನಮ್ಮ ಪಕ್ಕದವರೇ ಒಬ್ಬರು ಬರ್ತಾರೆ. ಆಂಧ್ರದ ಚಿತ್ತೂರು ಸೀಮೆಯ ಕಾಟೂರು ಅನ್ನೋ ಹಳ್ಳಿಯಲ್ಲಿ 1937ರಲ್ಲಿ ಹುಟ್ಟಿದ ರಾಜ್ ರೆಡ್ಡಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅವರ ತಂಡ 1976ರಲ್ಲಿ ಮಾಡಿದ 'ಹಾರ್ಪಿ' 1,011 ಪದ ಗುರುತಿಸ್ತಿತ್ತು. 1994ರಲ್ಲಿ ರೆಡ್ಡಿಯವರಿಗೆ ಕಂಪ್ಯೂಟರ್ ಲೋಕದ ಅತಿ ದೊಡ್ಡ ಗೌರವ, ಟ್ಯೂರಿಂಗ್ ಪ್ರಶಸ್ತಿ ಸಿಕ್ತು.

ಅದೇ ಕಾರ್ನೆಗಿ ಮೆಲನ್‌ನಲ್ಲಿ ಓದಿದ ಜೇಮ್ಸ್ ಬೇಕರ್ ಮತ್ತು ಪತ್ನಿ ಜಾನೆಟ್ ಬೇಕರ್ ಒಂದು ಸರಳ, ಆದರೆ ಆಗಿನ ಕಾಲಕ್ಕೆ ವಿಚಿತ್ರವಾದ ದಾರಿ ಹಿಡಿದ್ರು. ಕಂಪ್ಯೂಟರ್‌ಗೆ ವ್ಯಾಕರಣ ಕಲಿಸೋದು ಬೇಡ, ಅರ್ಥ ಕಲಿಸೋದು ಬೇಡ. ಕೇಳಿದ ಸದ್ದು ಯಾವ ಪದ ಆಗಿರೋ ಸಾಧ್ಯತೆ ಜಾಸ್ತಿ, ಈ ಪದದ ಪಕ್ಕ ಯಾವ ಪದ ಬರೋ ಸಾಧ್ಯತೆ ಜಾಸ್ತಿ, ಅದನ್ನ ಲೆಕ್ಕ ಹಾಕಿದ್ರೆ ಸಾಕು. ಐಬಿಎಂನಲ್ಲಿ ಫ್ರೆಡ್ ಯೆಲಿನೆಕ್ ತಂಡವೂ ಇದೇ ದಾರಿಯಲ್ಲಿತ್ತು. ನಾನು ಬಿ.ಕಾಂ ಓದಿದವನು, ಇದರ ಗಣಿತ ನನ್ನ ಕೇಳಬೇಡಿ. ಆದರೆ ಪತ್ರ ಬರೆಯೋರ ಭಾಷೆಯಲ್ಲಿ ಹೇಳ್ತೀನಿ: ಮಾವನ ಟೇಬಲ್ ಹತ್ತಿರ ನಿಂತು "ಬರೆದುಕೊಟ್ಟ ಶುದ್ಧ" ಅಂದ್ರೆ, ಮುಂದಿನ ಪದ ಕೇಳಿಸದಿದ್ರೂ ಅವರ ಕೈ 'ಕ್ರಯಪತ್ರ' ಅಂತ ಹೊಡೆದಿರುತ್ತೆ. ಅದೇ ಲೆಕ್ಕ.

ಬೇಕರ್ ದಂಪತಿ 1982ರಲ್ಲಿ ಡ್ರ್ಯಾಗನ್ ಸಿಸ್ಟಮ್ಸ್ ಶುರು ಮಾಡಿದ್ರು. 1990ರ ಡ್ರ್ಯಾಗನ್ ಡಿಕ್ಟೇಟ್ ಬೆಲೆ 9,000 ಡಾಲರ್, ಅದೂ ಪ್ರತಿ ಪದಕ್ಕೂ ನಿಂತು ನಿಂತು ಮಾತಾಡಬೇಕು. 1997ರಲ್ಲಿ ಬಂದ ನ್ಯಾಚುರಲಿ ಸ್ಪೀಕಿಂಗ್‌ನಲ್ಲಿ ಸಲೀಸಾಗಿ ಮಾತಾಡಬಹುದಾಯ್ತು, ನಿಮಿಷಕ್ಕೆ ಸುಮಾರು ನೂರು ಪದ. ಕೈ ಬಿದ್ದುಹೋದವರಿಗೆ, ಕಣ್ಣಿಲ್ಲದವರಿಗೆ ಅದು ದೊಡ್ಡ ಆಸರೆ ಆಯ್ತು.

ಮುಂದಿನದ್ದು ಕಾಮರ್ಸ್ ಹುಡುಗರಿಗಾಗಿ. 2000ರಲ್ಲಿ ಬೇಕರ್ ದಂಪತಿ ಕಂಪನಿಯನ್ನ ಬೆಲ್ಜಿಯಂನ ಲೆರ್ನೌಟ್ ಅಂಡ್ ಹೌಸ್ಪಿಗೆ ಮಾರಿದ್ರು. ಬೆಲೆ ಸುಮಾರು 58 ಕೋಟಿ ಡಾಲರ್, ಆದರೆ ನಗದಲ್ಲ, ಪೂರ್ತಿ ಷೇರು. ಕೆಲವೇ ತಿಂಗಳಲ್ಲಿ ಗೊತ್ತಾಗಿದ್ದು, ಆ ಬೆಲ್ಜಿಯಂ ಕಂಪನಿ ಕೊರಿಯಾದಲ್ಲಿ ಆಗದ ವ್ಯಾಪಾರವನ್ನ ಆಗಿದೆ ಅಂತ ಪುಸ್ತಕದಲ್ಲಿ ತೋರಿಸಿತ್ತು. ಕಂಪನಿ ಮುಳುಗಿತು, ಷೇರು ರದ್ದಿಯಾಯ್ತು. ಸಲಹೆ ಕೊಟ್ಟ ಗೋಲ್ಡ್‌ಮನ್ ಸ್ಯಾಕ್ಸ್ ಮೇಲೆ ಬೇಕರ್ ದಂಪತಿ ಕೇಸು ಹಾಕಿ 2013ರಲ್ಲಿ ಸೋತರು. ತಂತ್ರಜ್ಞಾನ ಕೈ ಬದಲಾಯಿಸ್ತಾ ನ್ಯುಯಾನ್ಸ್ ಕಂಪನಿಗೆ ಹೋಯ್ತು, ಅದನ್ನ 2022ರಲ್ಲಿ ಮೈಕ್ರೋಸಾಫ್ಟ್ ಕೊಂಡ್ಕೊಂಡಿತು. ಇಷ್ಟೆಲ್ಲಾ ಮಾಲೀಕರು ಬದಲಾದ್ರೂ ಡ್ರ್ಯಾಗನ್ ಕನ್ನಡಕ್ಕೆ ಬರಲೇ ಇಲ್ಲ. ಕನ್ನಡ ಮಾತಾಡೋರು ಕಮ್ಮಿ ಅಂತಲ್ಲ, 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ದುಡ್ಡು ಕೊಟ್ಟು ಕೊಳ್ಳೋ ಗಿರಾಕಿ ಅಂತ ನಮ್ಮನ್ನ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಇದು ನನ್ನ ಅಭಿಪ್ರಾಯ.

ಕನ್ನಡದ ಕಡೆಯಿಂದ ಒಂದು ಕೆಲಸ ನಮ್ಮ ಮಗ್ಗುಲಲ್ಲೇ ನಡೆದಿತ್ತು. ನೆಲಮಂಗಲ ದಾಟಿ ಹೈವೇಲಿ ಹೋದ್ರೆ ತುಮಕೂರು. ಅಲ್ಲಿನ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ರೈತರು ಫೋನ್ ಮಾಡಿ ಕನ್ನಡದಲ್ಲೇ ಕೇಳಿದ್ರೆ ಮಾರುಕಟ್ಟೆ ದರ, ಹವಾಮಾನ ಹೇಳೋ ವ್ಯವಸ್ಥೆಗೆ ಸಂಶೋಧನೆ ಮಾಡಿದ್ರು, ಅದರ ಬಗ್ಗೆ ಪ್ರಬಂಧಗಳು ಬಂದಿವೆ. ದನಿ ಸಂಗ್ರಹಿಸಿದ್ದು ಸ್ಟುಡಿಯೋದಲ್ಲಲ್ಲ. ಗಾಳಿ, ಬಸ್ಸು, ಜನದ ಸದ್ದಿನ ಮಧ್ಯೆ ರೈತರು ಮಾತಾಡಿದ್ದನ್ನೇ ತಗೊಂಡ್ರು. ಮಗ್ಗದ ಪಕ್ಕ ಕೂತಿರೋ ನನಗೆ ಆ ಕಷ್ಟ ಏನಂತ ಗೊತ್ತು.

2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗ್‌ಗೆ 30 ಹೊಸ ಭಾಷೆ ಸೇರಿಸ್ತು. ಅದರಲ್ಲಿ ಭಾರತದ್ದು ಎಂಟು, ಕನ್ನಡವೂ ಒಂದು. ನೀವು ಇವತ್ತು ವಾಟ್ಸಾಪ್‌ನಲ್ಲಿ ಮೈಕ್ ಒತ್ತಿ ಕನ್ನಡ ಬರೆಸ್ತಿದ್ರೆ ಆ ಸೌಲಭ್ಯ ಶುರುವಾಗಿದ್ದು ಅಲ್ಲಿಂದ.

2022ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐ 'ವಿಸ್ಪರ್' ಬಿಟ್ಟಿತು. ಉಚಿತ, ಇಂಟರ್ನೆಟ್ ಬೇಡ, ನಿಮ್ಮ ಕಂಪ್ಯೂಟರಲ್ಲೇ ಓಡುತ್ತೆ. ಕೇಳಿದ ಕೂಡಲೇ ಮಾವನಿಗೆ ಇದೇ ಸರಿ ಅಂದ್ಕೊಂಡೆ. ಆಮೇಲೆ ಅದರ ಪ್ರಬಂಧದ ಕೊನೇಲಿರೋ ಪಟ್ಟಿ ನೋಡಿದೆ. ಒಟ್ಟು 6 ಲಕ್ಷ 80 ಸಾವಿರ ಗಂಟೆ ಆಡಿಯೋ ಕೇಳಿಸಿ ಕಲಿಸಿದ್ದಾರೆ. ಮಾತು, ಅದೇ ಭಾಷೆಯ ಬರಹ, ಎರಡೂ ಜೋಡಿಯಾಗಿ ಕನ್ನಡಕ್ಕೆ ಸಿಕ್ಕಿದ್ದು ನಾಲ್ಕು ಗಂಟೆಗೂ ಕಡಿಮೆ. ತಮಿಳಿಗೆ ನೂರು ಗಂಟೆ ಮೀರಿದೆ. ನಾಲ್ಕು ಗಂಟೆ ಅಂದ್ರೆ ಎಷ್ಟು ಗೊತ್ತಾ? ನನ್ನ ಪಾಡ್‌ಕಾಸ್ಟಿನ ಎಂಟು ಸಂಚಿಕೆ. ಒಂದು ಭಾಷೆಯನ್ನ ಎಂಟು ಸಂಚಿಕೆ ಕೇಳಿ ಕಲಿಯೋಕಾಗುತ್ತಾ?

ಈ ಖಾಲಿ ಜಾಗ ತುಂಬೋ ಕೆಲಸ ನಮ್ಮಲ್ಲೇ ಆಗ್ತಿದೆ. ಬೆಂಗಳೂರಿನ ಐಐಎಸ್‌ಸಿಯ ಎ.ಜಿ. ರಾಮಕೃಷ್ಣನ್ ಅವರ ಲ್ಯಾಬ್ ಸುಮಾರು 350 ಗಂಟೆ ಕನ್ನಡ ಓದಿನ ದನಿಯನ್ನ ಎಲ್ಲರಿಗೂ ಸಿಗೋ ಹಾಗೆ ಬಿಟ್ಟಿದೆ. ಅಲ್ಲೇ ಗೂಗಲ್ ಜೊತೆ ಸೇರಿ 'ವಾಣಿ' ಅನ್ನೋ ಯೋಜನೆ ನಡೀತಿದೆ, ದೇಶದ ಎಲ್ಲಾ ಜಿಲ್ಲೆಗಳ ಜನ ನಿಜವಾಗಿ ಹೇಗೆ ಮಾತಾಡ್ತಾರೆ ಅಂತ ಹಿಡಿಯೋದು ಅದರ ಗುರಿ. ಕೇಂದ್ರ ಸರ್ಕಾರದ 'ಭಾಷಿಣಿ' 2022ರಲ್ಲಿ ಶುರುವಾಯ್ತು. ಬೆಂಗಳೂರಿನ 'ಕಾರ್ಯ' ಸಂಸ್ಥೆ ರಾಜ್ಯದ ಹಳ್ಳಿಗಳಲ್ಲಿ ಜನರ ಕೈಗೆ ಫೋನ್ ಕೊಟ್ಟು, ಕನ್ನಡ ವಾಕ್ಯ ಓದಿಸಿ, ಅದಕ್ಕೆ ಗಂಟೆಗೆ ಸುಮಾರು 5 ಡಾಲರ್ ಕೊಟ್ಟ ಬಗ್ಗೆ 2023ರಲ್ಲಿ ಟೈಮ್ ಪತ್ರಿಕೆ ದೊಡ್ಡ ವರದಿ ಮಾಡಿತ್ತು. ಅಂದ್ರೆ ಕನ್ನಡ ಮಾತಾಡೋದಕ್ಕೇ ಸಂಬಳ. ನಮ್ಮ ಅಜ್ಜಿ ಇದ್ದಿದ್ರೆ ಕೋಟ್ಯಧೀಶೆ ಆಗಿರ್ತಿದ್ಲು.

ಇನ್ನೊಂದು ವಿಷಯ ನನಗೆ ಬಹಳ ಕುತೂಹಲ ಅನ್ನಿಸಿದ್ದು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 'ಶ್ರುತಿಲಿಪಿ' ಅಂತ 12 ಭಾಷೆಗಳ 6,400 ಗಂಟೆ ಸಂಗ್ರಹ ಮಾಡಿದೆ. ಅದರ ಮೂಲ ಆಕಾಶವಾಣಿ ವಾರ್ತೆ. ವಾರ್ತೆಯ ಆಡಿಯೋ ಇದೆ, ಓದಿದ ಪ್ರತಿಯೂ ಇದೆ, ಎರಡನ್ನೂ ಹೊಂದಿಸಿದ್ರು. ಜಾಣ ಕೆಲಸ. ಆದರೆ ಬರೀ ಇಂಥದ್ದನ್ನೇ ಕೇಳಿ ಕಲಿತ ಯಂತ್ರಕ್ಕೆ ಗೊತ್ತಿರೋದು ವಾರ್ತೆ ಓದುವವರ ಕನ್ನಡ. ನಮ್ಮೂರಲ್ಲಿ ಯಾರೂ ವಾರ್ತೆ ಓದೋ ಹಾಗೆ ಮಾತಾಡಲ್ಲ.

ಈಗ ಮಾವನ ಕೋಣೆಗೆ ಬನ್ನಿ. ಹಳೇ ಡೆಸ್ಕ್‌ಟಾಪ್, 4 ಜಿಬಿ ರ್‍ಯಾಮ್, ಕಿಟಕಿಯಾಚೆ ಮಗ್ಗ. ಬೇರೆಬೇರೆ ಸಾಫ್ಟ್‌ವೇರ್ ಹಾಕಿ ನೋಡಿದ್ವಿ. ಯಾವುದರಲ್ಲಿ ಏನಾಯ್ತು ಅಂತ ಹೆಸರು ಹಿಡಿದು ಹೇಳಲ್ಲ, ಇನ್ನಾರು ತಿಂಗಳಲ್ಲಿ ಎಲ್ಲಾ ಬದಲಾಗಿರುತ್ತೆ. ಒಂದರಲ್ಲಿ ಮಾವ "ಅಕ್ಕಿ ಗಿರಣಿ" ಅಂದ್ರೆ ಹಕ್ಕಿ ಬಂತು. ತಪ್ಪು ಯಂತ್ರದ್ದು ಮಾತ್ರ ಅಲ್ಲ. ನಮ್ಮ ಕಡೆ ಹಕಾರ ಎಲ್ಲಿರಬೇಕೋ ಅಲ್ಲಿರಲ್ಲ, ಹಕ್ಕಿಗೆ ಅಕ್ಕಿ ಅಂತೀವಿ, ಪಾಪ ಅದು ಯಾವುದು ಅಂತ ಊಹಿಸಬೇಕು. ಇನ್ನೊಂದರಲ್ಲಿ "ಕೊಡ್ಬೇಕಾಗಿರ್ಲಿಲ್ವಂತೆ" ಅನ್ನೋ ಒಂದು ಪದವನ್ನ ಮೂರು ತುಂಡು ಮಾಡಿ ಮೂರಕ್ಕೂ ಬೇರೆಬೇರೆ ಅರ್ಥ ಕೊಡ್ತು. ಇಂಗ್ಲಿಷಲ್ಲಿ ಐದಾರು ಪದದಲ್ಲಿ ಹೇಳೋದನ್ನ ನಾವು ಒಂದಕ್ಕೊಂದು ಅಂಟಿಸಿ ಒಂದೇ ಪದ ಮಾಡ್ತೀವಿ, ಯಂತ್ರದ ಪದಕೋಶಕ್ಕೆ ಇದು ದೊಡ್ಡ ತಲೆನೋವು.

ನಕ್ಕು ಸುಮ್ಮನಾಗೋ ಹಾಗಿಲ್ಲದ ತಪ್ಪು ಒಂದಿತ್ತು. ಮಾವ ಹೇಳಿದ್ದು "ಎರಡು ಎಕರೆ ಹತ್ತು ಗುಂಟೆ". ಪರದೆ ಮೇಲೆ ಬಂದಿದ್ದು "ಎರಡು ಎಕರೆ ಹತ್ತು ಗಂಟೆ". ಬೇಕರ್ ದಂಪತಿಯ ಲೆಕ್ಕ ನೆನಪಿಸ್ಕೊಳ್ಳಿ. ಹತ್ತು ಅನ್ನೋ ಪದದ ಪಕ್ಕ ಲೋಕದಲ್ಲಿ ಜಾಸ್ತಿ ಬರೋದು ಗಂಟೆ, ಗುಂಟೆ ಅಲ್ಲ. ಹತ್ತು ಗಂಟೆ ಅಂತಾದ್ರೆ ಕಣ್ಣಿಗೆ ಹೊಡೆಯುತ್ತೆ, ತಿದ್ದಬಹುದು. ಆದರೆ ಅದೇ ಸಂಜೆ ಇನ್ನೊಂದು ಕಡೆ 'ಹನ್ನೆರಡು' ಅನ್ನೋದು 'ಎರಡು' ಆಯ್ತು. ವ್ಯಾಕರಣ ಸರಿ, ವಾಕ್ಯ ಸರಿ, ಗುಂಟೆಯೂ ಸರಿ, ಹತ್ತು ಗುಂಟೆ ಮಾತ್ರ ಮಾಯ. 40 ಗುಂಟೆಗೆ ಒಂದು ಎಕರೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿ ಸುತ್ತ ಜಮೀನಿಗೆ ಏನು ಬೆಲೆ ಅಂತ ನಿಮಗೇ ಗೊತ್ತು. ಹತ್ತು ಗುಂಟೆ ಅಂದ್ರೆ ಒಂದು ಮನೆಯವರ ಜೀವನ. ಮಾವ ಕುರ್ಚಿಗೆ ಒರಗಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಅಂದ್ರು, "ಇದು ತಪ್ಪು ಬರೆದ್ರೂ ಅನುಮಾನ ಪಡ್ದೇ ಬರೆಯುತ್ತಲ್ಲೋ."

ಇನ್ನೊಂದು ಪ್ರಶ್ನೆಯನ್ನೂ ಮಾವನೇ ಎತ್ತಿದ್ದು. "ನಾನ್ ಇಲ್ಲಿ ಹೇಳಿದ್ದು ಎಲ್ಲಿಗ್ ಹೋಗುತ್ತೆ?" ಇಂಟರ್ನೆಟ್ ಮೂಲಕ ಕೆಲಸ ಮಾಡೋ ಧ್ವನಿ ಟೈಪಿಂಗ್‌ನಲ್ಲಿ ನಿಮ್ಮ ದನಿ ಕಂಪನಿಯ ಸರ್ವರ್‌ಗೆ ಹೋಗಿ ಅಕ್ಷರ ಆಗಿ ವಾಪಸ್ ಬರುತ್ತೆ. ಕವಿತೆ ಬರೆಯೋರಿಗೆ ಪರವಾಗಿಲ್ಲ. ಯಾರ ಮಗನಿಗೆ ಎಷ್ಟು, ಯಾವ ಮಗಳಿಗೆ ಏನೂ ಇಲ್ಲ ಅನ್ನೋ ವಿಲ್ ಬರೆಸೋರಿಗೆ? ವಿಲ್ ಬರೆಸೋಕೆ ಬಂದವರು ಮಾವನ ಕಿವಿ ಹತ್ತಿರ ಬಂದು ಪಿಸುಗುಡ್ತಾರೆ, ಪಕ್ಕದ ಟೇಬಲ್‌ಗೂ ಕೇಳಬಾರದು ಅಂತ.

ಕೊನೆಗೆ ಏನು ಹಾಕಿದ್ವಿ ಅಂತ ಹೇಳ್ತೀನಿ, ನಿಮ್ಮ ಮನೇಲೂ ಯಾರಿಗಾದ್ರೂ ಬೇಕಾಗಬಹುದು. ಅರ್ಜಿ, ಸಾಮಾನ್ಯ ಪತ್ರಗಳಿಗೆ ಕ್ರೋಮ್ ಬ್ರೌಸರ್‌ನಲ್ಲಿ ಗೂಗಲ್ ಡಾಕ್ಸ್ ತೆಗೆದು, ಟೂಲ್ಸ್ ಮೆನುವಿನ ವಾಯ್ಸ್ ಟೈಪಿಂಗ್‌ನಲ್ಲಿ ಕನ್ನಡ ಆರಿಸ್ಕೊಂಡ್ವಿ. ಹೊಸದಾಗಿ ಕೊಳ್ಳೋದೇನಿಲ್ಲ. ಪೂರ್ಣವಿರಾಮ, ಅಲ್ಪವಿರಾಮ ಎಡಗೈಲಿ ಹಾಕ್ತಾರೆ. ಕಂಪ್ಯೂಟರಲ್ಲೇ ಓಡೋ ವಿಸ್ಪರ್ ಥರದ್ದನ್ನ ಕೈಬಿಟ್ವಿ. ದೊಡ್ಡ ಮಾಡೆಲ್‌ಗೆ ಆ ಹಳೇ ಯಂತ್ರ ಸಾಕಾಗಲ್ಲ, ಸಣ್ಣ ಮಾಡೆಲ್‌ಗೆ ಕನ್ನಡ ಸಾಲದು. ಹೊಸ ಕಂಪ್ಯೂಟರ್ ಕೊಂಡ ದಿನ ಎಐ4ಭಾರತ್‌ನವರ ಮಾಡೆಲ್‌ಗಳನ್ನ ಮತ್ತೆ ನೋಡೋದು ಅಂತ ಬರೆದಿಟ್ಕೊಂಡಿದ್ದೀನಿ.

ಇದೆಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿದ್ದು ಬಾಯಿ ಹತ್ತಿರ ಮೈಕ್ ಬರೋ ಒಂದು ಹೆಡ್‌ಸೆಟ್. ಸಾಫ್ಟ್‌ವೇರ್ ಹುಡುಕ್ತಾ ಒಂದು ತಿಂಗಳು ಕಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಲ್ಯಾಪ್‌ಟಾಪ್ ಮೈಕ್‌ಗೆ ಮಾವನ ದನಿ, ಮಗ್ಗದ ದನಿ ಎರಡೂ ಒಂದೇ ದೂರ.

ಒಂದು ತೊಡಕು ಮೊದಲೇ ಹೇಳಿಬಿಡ್ತೀನಿ. ಧ್ವನಿ ಟೈಪಿಂಗ್ ಕೊಡೋದು ಯೂನಿಕೋಡ್ ಕನ್ನಡ. ಮಾವನ ಹತ್ತಿರ ಇರೋ ನೂರಾರು ಹಳೇ ನಮೂನೆಗಳು ನುಡಿಯ ಹಳೇ ಫಾಂಟ್‌ನಲ್ಲಿವೆ. ಎರಡನ್ನೂ ಸೇರಿಸಿದ್ರೆ ಅರ್ಧ ಪತ್ರ ಕನ್ನಡ, ಅರ್ಧ ಪತ್ರ ಗೊಂಬೆ. ಕನ್ವರ್ಟರ್ ಹಾಕಿ ಎಲ್ಲವನ್ನೂ ಯೂನಿಕೋಡ್ ಮಾಡೋಕೆ ನನಗೆ ಮೂರು ಭಾನುವಾರ ಹೋಯ್ತು.

ಕ್ರಯಪತ್ರಕ್ಕೆ ಮಾವ ತಾವೇ ಒಂದು ಕ್ರಮ ಮಾಡ್ಕೊಂಡಿದ್ದಾರೆ. ಒಕ್ಕಣೆ ಎಲ್ಲಾ ಬಾಯಲ್ಲಿ ಹೇಳ್ತಾರೆ. ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ, ಮೊತ್ತ ಇಷ್ಟನ್ನ ಎಡಗೈಲಿ ಒಂದೊಂದೇ ಅಕ್ಷರ ಹೊಡೀತಾರೆ, ನಿಧಾನವಾದ್ರೂ ಸರಿ. ಆಮೇಲೆ ಪಹಣಿ ಪಕ್ಕದಲ್ಲಿಟ್ಕೊಂಡು ಕೊಡೋರು, ತಗೊಳ್ಳೋರು ಇಬ್ಬರನ್ನೂ ಕೂರಿಸಿ ಜೋರಾಗಿ ಓದಿ ಹೇಳ್ತಾರೆ. ವಿಲ್ ಬಂದ್ರೆ ಇಂಟರ್ನೆಟ್ ಕೇಬಲ್ ಕಿತ್ತು ನನ್ನ ಕರೀತಾರೆ. ಅವರು ಹೇಳ್ತಾರೆ, ನಾನು ಹೊಡೀತೀನಿ. ಉಕ್ತಲೇಖನ, ಥೇಟ್ ಸ್ಕೂಲಿನ ಥರ, ತಪ್ಪಾದ್ರೆ ತಲೆ ಮೇಲೆ ಮೊಟಕೋದೂ ಸೇರಿ.

ಹಳೇ ಪತ್ರಗಳ ಕೊನೇಲಿ ಒಂದು ಪದ ಇರುತ್ತೆ, ನಿಮ್ಮ ತಾತನ ಕಾಲದ ಕ್ರಯಪತ್ರ ಇದ್ರೆ ತೆಗೆದು ನೋಡಿ: 'ಬಿಕ್ಕಲಂ'. ಪಾರ್ಸಿಯಿಂದ ಬಂದ ಪದ, ಇಂಥವರ ಲೇಖನಿಯಿಂದ ಅಂತ ಅರ್ಥ. ಅದರ ಮುಂದೆ ಪತ್ರ ಬರೆದವರ ಹೆಸರು. ಹೋದ ತಿಂಗಳು ಮಾವ ಹೇಳಿ ಬರೆಸಿದ ಮೊದಲ ಕ್ರಯಪತ್ರ ಮುಗಿದಾಗ ಕೇಳಿದೆ, "ಮಾವ, ಬಿಕ್ಕಲಂ ಮುಂದೆ ಯಾರ ಹೆಸರು ಹಾಕ್ತೀರಾ? ಬರೆದಿದ್ದು ನೀವಲ್ಲವಲ್ಲ."

"ಗುಂಟೆ ಲೆಕ್ಕ ತಪ್ಪಿದ್ರೆ ಜನ ಗೂಗಲ್ ಮನೆಗ್ ಹೋಗ್ತಾರಾ?" ಅಂತ ಕೇಳಿ, ಎಡಗೈಯಲ್ಲಿ ತಮ್ಮ ಹೆಸರು ಹೊಡೆದ್ರು. ಆರು ಅಕ್ಷರಕ್ಕೆ ಎರಡು ನಿಮಿಷ ಹಿಡೀತು.